ವಸಂತದ ಹಿಮವೂ ಹವ್ಯಾಸಿಗಳ ಪ್ರಾಣವೂ

ವಸಂತವೆಂದೊಡನೆ ನಮ್ಮ ಮನಸ್ಸಿನಲ್ಲಿ ಮಾವಿನ ಚಿಗುರೂ ಕೋಗಿಲೆಯ ದನಿಯೂ ಮೂಡುವುವು. ಬೆಲ್ಜಿಯಂ ದೇಶದ ಆರ್ಡೆನ್ ಬೆಟ್ಟಸೀಮೆಯಲ್ಲಿಯಾದರೋ ವಸಂತವು ನಂಬತಕ್ಕ ಋತುವಲ್ಲ. ಏಪ್ರಿಲ್ ಮಾಸದಲ್ಲಿ ಬಿಸಿಲು, ಆಲಿಕಲ್ಲು, ಹಿಮ ಈ ಮೂರನ್ನೂ ಅಲ್ಲಿ ಒಂದೇ ಹಗಲಿನಲ್ಲಿ ಕಾಣಬಹುದು. ಇಂತಹ ಋತುವಿನಲ್ಲಿಯೇ ಆ ಜನರು ತಮ್ಮ ಅತ್ಯಂತ ಹಳೆಯ ಬೈಸಿಕಲ್ ಪಂದ್ಯವನ್ನು ನಡೆಸುವರು. ವೃತ್ತಿಪರರು ಓಡುವುದಕ್ಕೆ ಮೊದಲು ಅದೇ ರಸ್ತೆಗಳಲ್ಲಿ ಸಾವಿರಾರು ಹವ್ಯಾಸಿಗಳೂ ಸವಾರಿ ಹೊರಡುವರು. ಈ ಹವ್ಯಾಸಿಗಳ ವಿಷಯವಾಗಿಯೇ ನಾವು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಲಿಯೇಜ್ ಪಟ್ಟಣದಿಂದ ಬಾಸ್ತೋನ್ ಊರಿಗೆ ಹೋಗಿ ಮರಳಿ ಲಿಯೇಜಿಗೆ ಬರುವ ಈ ಪಂದ್ಯವು ೧೮೯೨ರಲ್ಲಿ ಮೊದಲು ನಡೆದಾಗ ಹವ್ಯಾಸಿಗಳದ್ದೇ ಆಗಿತ್ತು. ಹೊರಟವರು ೩೩ ಮಂದಿ. ಗುರಿ ಮುಟ್ಟಿದವರು ೧೭ ಮಂದಿ. ಲಿಯೇಜಿನವನೇ ಆದ ಲೆಯೋನ್ ಹೂವಾ ಎಂಬ ತರುಣನು ಸುಮಾರು ೨೫೦ ಕಿಲೋಮೀಟರ್ ದಾರಿಯನ್ನು ಹತ್ತು ಗಂಟೆ ನಲವತ್ತೆಂಟು ನಿಮಿಷಗಳಲ್ಲಿ ಮುಗಿಸಿ ಗೆದ್ದನು. ಮೇಲ್ವಿಚಾರಕರು ರೈಲಿನಲ್ಲಿ ಹೋಗಿ ಸವಾರರು ತಿರುಗುವುದನ್ನು ನೋಡಲು ಅನುಕೂಲವಾಗಲೆಂದು ಬಾಸ್ತೋನ್ ಊರನ್ನು ಆರಿಸಿದ್ದರಂತೆ. ಅಧಿಕಾರಿಯು ರೈಲಿನಲ್ಲಿ, ಸವಾರನು ಗಾಳಿಮಳೆಯಲ್ಲಿ! ಈ ಅಂತರವು ನೂರು ಮೂವತ್ತು ವರ್ಷಗಳಾದರೂ ಪೂರ್ತಿಯಾಗಿ ಅಳಿದಿಲ್ಲವೆಂಬುದೇ ನಮ್ಮ ಆಕ್ಷೇಪ.

ಆ ರಸ್ತೆಯ ಕ್ರೌರ್ಯವು ಎಷ್ಟೆಂಬುದನ್ನು ೧೯೮೦ರ ಏಪ್ರಿಲ್ ೨೦ರಂದು ಲೋಕವೇ ಕಂಡಿತು. ಪಂದ್ಯವು ಹೊರಟ ಸ್ವಲ್ಪ ಹೊತ್ತಿಗೆ ಹಿಮ ಸುರಿಯತೊಡಗಿತು. ಹೊರಟ ೧೭೪ ವೃತ್ತಿಪರರಲ್ಲಿ ಕಡೆ ಮುಟ್ಟಿದವರು ೨೧ ಮಂದಿ ಮಾತ್ರ. ಗೆದ್ದವನು ಫ್ರಾನ್ಸಿನ ಬೆರ್ನಾರ್ ಇನೋ. ಎರಡನೆಯವನಿಗಿಂತ ಒಂಬತ್ತು ನಿಮಿಷಕ್ಕೂ ಮೊದಲು ಬಂದ ಆ ವೀರನ ಕೈಬೆರಳುಗಳೆರಡು ವಾರಗಟ್ಟಲೆ ಸ್ವಾಧೀನಕ್ಕೆ ಬರಲಿಲ್ಲ. ಚಳಿ ಬಂದರೆ ಅವು ಆಮೇಲೂ ನೋಯುತ್ತಿದ್ದುವು. ಈ ಕಥೆಯನ್ನು ಕೇಳಿದ ತರುಣರು ಗೆದ್ದವನೊಬ್ಬನನ್ನು ನೆನೆಯುವರು; ಬಿಟ್ಟು ಬಂದ ನೂರೈವತ್ತಮೂರು ಮಂದಿಯನ್ನು ಮರೆಯುವರು. ಅವರೂ ಹೇಡಿಗಳಲ್ಲ. ಸವಾರಿಯೇ ಅವರ ಜೀವನೋಪಾಯ. ಅಂತಹವರಿಗೇ ಹಿಂದಿರುಗುವುದು ವಿವೇಕವೆಂದು ತೋರಿದ ದಿನದಲ್ಲಿ, ಭಾನುವಾರದ ಸವಾರನು ಮುಂದುವರಿಯಬೇಕೆಂದು ಯಾವ ಶಾಸ್ತ್ರವು ಹೇಳುವುದು?

ಚಳಿಯು ಸವಾರನನ್ನು ಹೇಗೆ ಹಿಡಿಯುವುದೆಂಬುದನ್ನು ವಾಚಕರು ತಿಳಿಯುವುದು ಅವಶ್ಯ. ಏರಿನಲ್ಲಿ ಅವನು ದುಡಿದು ಬೆವರುವನು; ಅಂಗಿ ಒದ್ದೆಯಾಗುವುದು. ಇಳಿಜಾರಿನಲ್ಲಿ ಮೈಗೆ ದುಡಿಮೆಯಿಲ್ಲ. ವೇಗದಿಂದಲೇ ಬಿರುಗಾಳಿ ಹುಟ್ಟುವುದು. ಉಷ್ಣಮಾಪಕವು ೫ ಡಿಗ್ರಿ ತೋರಿಸುತ್ತಿದ್ದರೂ ಗಂಟೆಗೆ ೪೦ ಕಿಲೋಮೀಟರ್ ಗಾಳಿಯಲ್ಲಿ ಬರಿಯ ಚರ್ಮಕ್ಕೆ ಅದು ಶೂನ್ಯಕ್ಕಿಂತ ಕೆಳಗಿನ ಚಳಿಯಾಗಿ ತಗಲುವುದು. ನೀರಿನ ಉಷ್ಣವಾಹಕತೆಯು ಗಾಳಿಗಿಂತ ಸುಮಾರು ೨೫ ಪಟ್ಟು ಹೆಚ್ಚಾದುದರಿಂದ ಒದ್ದೆ ಬಟ್ಟೆಯು ಮೈಯ ಶಾಖವನ್ನು ಬೇಗನೆ ಹೀರಿಬಿಡುವುದು. ಮೊದಲು ಬೆರಳುಗಳು ಮರಗಟ್ಟಿ ಬ್ರೇಕನ್ನು ಅದುಮಲಾರವು, ಆಮೇಲೆ ನಡುಕ. ಮೈಯೊಳಗಿನ ಶಾಖವು ೩೫ ಡಿಗ್ರಿಗಿಂತ ಇಳಿಯಿತೆಂದರೆ ಬುದ್ಧಿಯೇ ಮಂಕಾಗುವುದು. ನಿಲ್ಲಬೇಕೆಂಬ ವಿವೇಕವು ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲಿಯೇ ಆ ವಿವೇಕವು ಸವಾರನನ್ನು ಬಿಟ್ಟುಹೋಗುವುದು. ಆದುದರಿಂದ “ಬೇಡವಾದರೆ ಅವನೇ ನಿಲ್ಲಲಿ” ಎಂಬ ವ್ಯವಸ್ಥಾಪಕರ ಸಮಾಧಾನವು ಸಮಾಧಾನವೇ ಅಲ್ಲ. ನಿಲ್ಲಿಸುವ ಅಧಿಕಾರವು ಮೈ ಬೆಚ್ಚಗಿರುವ ಮತ್ತೊಬ್ಬನ ಕೈಯಲ್ಲಿರಬೇಕು.

ವೃತ್ತಿಪರನಿಗೆ ಹಿಂದೆ ವಾಹನವುಂಟು, ಒಣಬಟ್ಟೆಯುಂಟು, ವೈದ್ಯನುಂಟು. ೨೦೧೬ರಿಂದ ಅಂತಾರಾಷ್ಟ್ರೀಯ ಸೈಕಲ್ ಸಂಘವು ವೃತ್ತಿಪರ ಪಂದ್ಯಗಳಿಗಾಗಿ ಒಂದು ನಿಯಮವನ್ನೂ ಮಾಡಿರುವುದು. ಹಿಮ, ಹೆಪ್ಪುಗಟ್ಟುವ ಮಳೆ, ಬಿರುಗಾಳಿ, ಅತಿಯಾದ ಶೀತೋಷ್ಣ ಮೊದಲಾದುವು ಬಂದಾಗ ವ್ಯವಸ್ಥಾಪಕರೂ ಸವಾರರ ಮತ್ತು ತಂಡಗಳ ಪ್ರತಿನಿಧಿಗಳೂ ವೈದ್ಯರೂ ಕೂಡಿ ಆಲೋಚಿಸಿ, ಪಂದ್ಯವನ್ನು ಮೊಟಕುಮಾಡಬಹುದು ಇಲ್ಲವೆ ನಿಲ್ಲಿಸಬಹುದು. ಹವ್ಯಾಸಿಗೆ ಈ ಆಸರೆಗಳಲ್ಲಿ ಎಷ್ಟು ದೊರೆಯುವುದು? ಆತನು ಗುಮಾಸ್ತನೋ ಉಪಾಧ್ಯಾಯನೋ ಆಗಿರುವನು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಶುಲ್ಕವನ್ನು ತಿಂಗಳುಗಳ ಹಿಂದೆಯೇ ಕಟ್ಟಿರುವನು. ಚಳಿಗಾಲವೆಲ್ಲ ಅಭ್ಯಾಸ ಮಾಡಿರುವನು. ಹಿಂದಿರುಗಲು ಅವನಿಗೆ ಮನಸ್ಸಾಗದು. ಶುಲ್ಕವನ್ನು ಪಡೆದು ರಸ್ತೆಯ ಅಪ್ಪಣೆಯನ್ನು ತಂದಿರುವ ವ್ಯವಸ್ಥಾಪಕನಿಗೂ ನಿಲ್ಲಿಸಲು ಮನಸ್ಸಾಗದು. ಇಬ್ಬರ ಸಂಕೋಚದ ನಡುವೆ ಅಪಾಯವು ಬೆಳೆಯುವುದು.

ಇದು ಬರಿಯ ಊಹೆಯಲ್ಲ. ೨೦೨೧ರ ಮೇ ೨೨ರಂದು ಚೀನಾ ದೇಶದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ ನೂರು ಕಿಲೋಮೀಟರ್ ಕಾಲೋಟದ ಪಂದ್ಯವೊಂದು ನಡೆಯಿತು. ಓಡಿದವರು ೧೭೨ ಮಂದಿ. ಬೆಟ್ಟದ ಮೇಲೆ ಆಲಿಕಲ್ಲೂ ಕೊರೆಯುವ ಮಳೆಯೂ ಬಿರುಗಾಳಿಯೂ ಒಟ್ಟಿಗೆ ಬಂದುವು. ಗಾಳಿ ತಡೆಯುವ ಅಂಗಿಯನ್ನು ಕಡ್ಡಾಯ ಮಾಡಿರಲಿಲ್ಲ. ೨೧ ಜೀವಗಳು ಹೋದುವು. ಒಬ್ಬ ಕುರಿಗಾಹಿಯು ಗುಹೆಯೊಂದರಲ್ಲಿ ಬೆಂಕಿ ಹೊತ್ತಿಸಿ ಆರು ಮಂದಿಯನ್ನು ಬದುಕಿಸಿದನು. ವ್ಯವಸ್ಥಾಪಕರು ಮಾಡಬೇಕಾಗಿದ್ದುದನ್ನು ಕಂಬಳಿ ಹೊದೆದ ಆ ಬಡವನು ಮಾಡಿದನು! ವಿಚಾರಣೆಯೂ ಅಧಿಕಾರಿಗಳಿಗೆ ಶಿಕ್ಷೆಯೂ ಆಮೇಲೆ ನಡೆದುವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವೇನು?

ಕಷ್ಟವೇ ಈ ಕ್ರೀಡೆಯ ಸತ್ತ್ವ, ಅದನ್ನು ತೆಗೆದರೆ ಉಳಿಯುವುದೇನೆಂದು ಕೆಲವರು ಕೇಳುವರು. ಈ ಪ್ರಶ್ನೆಯಲ್ಲಿ ಸತ್ಯಾಂಶವುಂಟು. ಸುಖಾಸೀನವಾದ ಜನಾಂಗವು ಎಂದೂ ಮೇಲೇರಲಿಲ್ಲ. ತರುಣರು ಮಳೆಗೆ ಮೈಯೊಡ್ಡಲಿ, ಗಾಳಿಗೆ ಎದೆಗೊಡಲಿ ಎಂದೇ ನಾವೂ ಹೇಳುವೆವು. ಆದರೆ ತಾನಾಗಿ ಆರಿಸಿಕೊಂಡ ಕಷ್ಟವು ತಪಸ್ಸು. ಮತ್ತೊಬ್ಬನ ಅಜಾಗ್ರತೆಯಿಂದ ಬಂದ ಕಷ್ಟವು ಅನ್ಯಾಯ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಲ್ಲದು.

ಆದುದರಿಂದ ಎಲ್ಲಿಯೇ ಆಗಲಿ ಹವ್ಯಾಸಿ ಪಂದ್ಯಗಳಿಗೆ ಅಪ್ಪಣೆ ಕೊಡುವ ಅಧಿಕಾರಿಗಳು ಮೊದಲು ಕೆಲವು ಮಾತುಗಳನ್ನು ಬರೆಯಿಸಿಕೊಳ್ಳಬೇಕು. ಎಂತಹ ಹವೆಯಲ್ಲಿ ದಾರಿಯನ್ನು ಮೊಟಕುಮಾಡುವೆವು, ಎಂತಹದರಲ್ಲಿ ನಿಲ್ಲಿಸುವೆವು ಎಂಬುದನ್ನು ಶುಲ್ಕ ಪಡೆಯುವ ಮೊದಲೇ ಪ್ರಕಟಿಸತಕ್ಕದ್ದು. ಮಳೆಯಂಗಿಯನ್ನೂ ಕೈಚೀಲವನ್ನೂ ಕಡ್ಡಾಯ ಮಾಡತಕ್ಕದ್ದು. ಪ್ರತಿಯೊಂದು ದೊಡ್ಡ ಏರಿನ ತುದಿಯಲ್ಲಿ ಬೆಚ್ಚಗಿನ ಆಸರೆಯೂ ಮರಳಿ ಕರೆತರುವ ವಾಹನವೂ ಇರತಕ್ಕದ್ದು. ವೈದ್ಯನ ಮಾತೇ ಕಡೆಯ ಮಾತಾಗತಕ್ಕದ್ದು. ಹವೆಯನ್ನು ಕಂಡು ಹೊರಡದೆ ಉಳಿದವನ ಶುಲ್ಕವು ಮುಂದಿನ ವರ್ಷಕ್ಕೆ ಸಲ್ಲತಕ್ಕದ್ದು. ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ವಿಜಯಪುರ, ಬಾಗಲಕೋಟೆ ಸೀಮೆಗಳ ತರುಣರು ಸೈಕಲ್ ಪಂದ್ಯಗಳಲ್ಲಿ ದೇಶಕ್ಕೇ ಹೆಸರಾಗಿರುವರು. ಅಲ್ಲಿ ಚೈತ್ರ ವೈಶಾಖಗಳ ಶತ್ರುವು ಹಿಮವಲ್ಲ, ಬಿಸಿಲು. ಶತ್ರುವು ಬೇರೆಯಾದರೂ ನ್ಯಾಯವು ಒಂದೇ: ಬುದ್ಧಿ ಮಂಕಾದವನ ಪರವಾಗಿ ಬುದ್ಧಿಯುಳ್ಳವನು ಎಚ್ಚರವಾಗಿರಬೇಕು.

ಕಡೆಯದಾಗಿ ಸವಾರರಿಗೊಂದು ಮಾತು. ಗುರಿ ಮುಟ್ಟಿದವನಿಗೆ ಹಾರ ಹಾಕೋಣ. ಆದರೆ ಹಿಮದಲ್ಲಿ ನಡುಗುತ್ತಿರುವ ಗೆಳೆಯನನ್ನು ಕಂಡು ತನ್ನ ಪಂದ್ಯವನ್ನು ಬಿಟ್ಟು ಅವನನ್ನು ಕೆಳಕ್ಕೆ ಕರೆತಂದವನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಆ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿಯು ಬರಲಿ.