ತಾಟಿನಲ್ಲಿ ಹೆಣ್ಣುಮಕ್ಕಳ ಪಾಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಹರೆಯದ ಹೆಣ್ಣುಮಕ್ಕಳು ಉಂಡುಟ್ಟು ಪುಷ್ಟರಾಗಿರುವರೆಂದೂ, ಸುತ್ತಣ ಹಳ್ಳಿಗಳವರು ಮಾತ್ರವೇ ಕೃಶರೆಂದೂ ನಮ್ಮ ಅನೇಕ ವಾಚಕರು ನಂಬಿರುವರು. ಇದು ಅರ್ಧಸತ್ಯವು. ತಕ್ಕಡಿಯು ದೇಹದ ಭಾರವನ್ನು ತೋರಿಸೀತೇ ಹೊರತು ರಕ್ತದ ಸತ್ವವನ್ನು ತೋರಿಸಲಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಕಂಡುಬಂದಿತು. ಅವರೆಲ್ಲರೂ ಬಡಕಲು ಮೈಯವರೇನೂ ಅಲ್ಲ.

ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಊಟವು ತುಚ್ಛವಾದುದಲ್ಲ. ಜೋಳದ ಅಥವಾ ಸಜ್ಜೆಯ ರೊಟ್ಟಿ, ಹೆಸರುಕಾಳಿನ ಪಲ್ಯೆ, ಪುಂಡಿಪಲ್ಯೆ, ಗುರೆಳ್ಳಿನ ಹಿಂಡಿ, ಮಜ್ಜಿಗೆ: ಇವಿಷ್ಟು ಹೊಟ್ಟೆತುಂಬ ದೊರೆತರೆ ವೈದ್ಯನೂ ಆಕ್ಷೇಪಿಸನು. ಆದರೆ ನೀರು ಹೊತ್ತು, ಕಳೆ ಕಿತ್ತು, ಬೀಜೋತ್ಪಾದನೆಯ ಹೊಲದಲ್ಲಿ ಬಿಸಿಲಿಗೆ ನಿಂತು ಬಂದ ಮಗಳು ತಂದೆಯೂ ಅಣ್ಣತಮ್ಮಂದಿರೂ ಉಂಡ ಮೇಲೆ ತಾಟಿಗೆ ಕೂಡುವಳು. ಆಗ ಉಳಿದಿರುವುದು ರೊಟ್ಟಿಯೂ ಖಾರವೂ; ಕಾಳು ತಳಕಂಡಿರುತ್ತದೆ. ಅತ್ತ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತದ ಸೀಮೆಯಾದ ಗಂಗಾವತಿಯಲ್ಲಿಯೂ, ಇತರ ಪಟ್ಟಣಗಳಲ್ಲಿಯೂ ಬಿಳಿಯ ಅನ್ನ ಹಾಗೂ ತಿಳಿಸಾರು ಹೊತ್ತುಹೊತ್ತಿಗೂ ಬೀಳುತ್ತವೆ. ಮೈ ಬಂದೀತೆಂದು ಬೆಳಗಿನ ಉಪಾಹಾರವನ್ನೇ ಬಿಟ್ಟು, ಸಂಜೆ ಮಿರ್ಚಿ, ಮಂಡಕ್ಕಿ, ಬಿಸ್ಕೀಟು, ಸಕ್ಕರೆಯ ಪಾನೀಯಗಳಿಂದ ಹಸಿವನ್ನು ತೀರಿಸುವ ವಿದ್ಯಾರ್ಥಿನಿಯರೂ ಉಂಟು. ಹೀಗೆ ಒಬ್ಬಳು ಹಗುರಾಗುವಳು, ಇನ್ನೊಬ್ಬಳು ಭಾರವಾಗುವಳು. ರಕ್ತವು ಇಬ್ಬರಲ್ಲಿಯೂ ತೆಳುವಾದೀತು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ವಿಧಿಸಿದ ಪ್ರಮಾಣದಂತೆ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣದ ಅಂಶವು ಬೇಕು. ಅದೇ ವಯಸ್ಸಿನ ಹುಡುಗನಿಗೆ 26 ಸಾಕು. ಹೆಚ್ಚು ಬೇಕಾದವಳಿಗೆ ಕಡಿಮೆ ಬಡಿಸುವ ಈ ಪದ್ಧತಿಯನ್ನು ಸಂಪ್ರದಾಯವೆಂದು ಸಮರ್ಥಿಸುವವರಿಗೆ ನಾವು ಏನು ಹೇಳೋಣ? ಊಟವಾದೊಡನೆ ಚಹ ಕುಡಿಯುವ ನಮ್ಮ ಚಟವೂ ಆ ಅಂಶವು ರಕ್ತಗತವಾಗುವುದಕ್ಕೆ ಅಡ್ಡಿ ಬರುತ್ತದೆ. ನಿಂಬೆಯ ಹೋಳು ಸಹಾಯಕವು.

2021ರ ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಮೊಟ್ಟೆ ಕೊಡುವುದನ್ನು ಕೆಲವು ಮಠಾಧಿಪತಿಗಳು ವಿರೋಧಿಸಿದಾಗ ಗಂಗಾವತಿಯ ಶಾಲಾಬಾಲಿಕೆಯೊಬ್ಬಳು ಅವರಿಗೆ ನೇರವಾಗಿ ಉತ್ತರ ಕೊಟ್ಟದ್ದನ್ನು ರಾಜ್ಯವೆಲ್ಲ ಕೇಳಿತು. ಮೊಟ್ಟೆ ಒಲ್ಲದವರಿಗೆ ಬಾಳೆಯ ಹಣ್ಣಿನ ಏರ್ಪಾಡು ಇದ್ದಿತು; ವಿವಾದಕ್ಕೆ ಆಸ್ಪದವೇ ಇರಲಿಲ್ಲ.

ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಶಾಲೆ ಬಿಟ್ಟ ಹುಡುಗಿಯರನ್ನೂ, ಮುಂಜಾನೆಯ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹೊರಟು ಪಟ್ಟಣದ ಕಾಲೇಜುಗಳಿಗೆ ಬರುವವರನ್ನೂ ಲೆಕ್ಕಕ್ಕೆ ತರಬೇಕು. ತೂಕ, ಎತ್ತರಗಳೊಡನೆ ರಕ್ತಪರೀಕ್ಷೆಯನ್ನೂ ವರ್ಷಕ್ಕೆ ಎರಡಾವರ್ತಿ ಮಾಡಿಸಿ, ಫಲಿತಾಂಶವನ್ನು ತರಗತಿಯಲ್ಲಿ ಕೂಗಿ ಹೇಳದೆ ಹುಡುಗಿಗೂ ತಾಯಿಗೂ ಏಕಾಂತದಲ್ಲಿ ತಿಳಿಸತಕ್ಕದ್ದು. ವಾರಕ್ಕೊಂದರಂತೆ ಬರುವ ಕಬ್ಬಿಣದ ಗುಳಿಗೆಯನ್ನು ಊಟದ ತರುವಾಯ ಉಪಾಧ್ಯಾಯಿನಿಯರ ಸಮಕ್ಷಮದಲ್ಲಿಯೇ ನುಂಗಿಸತಕ್ಕದ್ದು. ಬರಿಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದವಳು ಮರುವಾರ ಅದನ್ನು ಕಿಟಕಿಯಾಚೆಗೆ ಎಸೆಯುವಳು.