ಚಾಮಯ್ಯ ಮೇಷ್ಟ್ರ ತಪ್ಪು

2018ರ ಜುಲೈನಲ್ಲಿ 'ನಾಗರಹಾವು' ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ತೆರೆಕಂಡಾಗ ನಾನೂ ಚಿತ್ರಮಂದಿರದಲ್ಲಿದ್ದೆ. ರಾಮಾಚಾರಿ ಕಾಣಿಸಿಕೊಂಡಾಗಲೆಲ್ಲ ಶಿಳ್ಳೆ. ಚಾಮಯ್ಯ ಮೇಷ್ಟ್ರು ಬಾಯಿ ತೆರೆದಾಗ ಮಾತ್ರ ಸಭೆ ತಣ್ಣಗಾಗುತ್ತಿತ್ತು. ಆದರ್ಶ ಗುರುವಿನ ಮಾತು ಬಂದಾಗ ಕನ್ನಡಿಗರು ಈ ಪಾತ್ರವನ್ನೇ ನೆನೆಯುವುದು ರೂಢಿ. ಆದರೆ ಕಥೆಯಲ್ಲಿ ಆಗುವುದೇನು? ಸಂಪ್ರದಾಯದ ಹೆಸರಿನಲ್ಲಿ ಶಿಷ್ಯನಿಂದ ಅಲಮೇಲುವನ್ನು ದೂರ ಮಾಡುವವರು ಮೇಷ್ಟ್ರೇ. ಅವಳು ಮುಂದೆ ಮಾರಾಟದ ಸರಕಾಗಿ ಹೋಟೆಲಿನ ಕೋಣೆಯೊಂದರಲ್ಲಿ ರಾಮಾಚಾರಿಗೆ ಎದುರಾಗುತ್ತಾಳೆ. ಮಾರ್ಗರೆಟ್ ವಿಷಯದಲ್ಲೂ ಅವರು ಅದೇ ತಪ್ಪಿಗೆ ಹೊರಡುತ್ತಾರೆ. ದುರ್ಗದ ಬೆಟ್ಟ ಮೂರು ಜೀವಗಳನ್ನು ನುಂಗುತ್ತದೆ.

ಇಂಥ ಮನುಷ್ಯನನ್ನು 1972ರಿಂದ ಇಂದಿನವರೆಗೆ ನಾಡು ಪ್ರೀತಿಸುತ್ತಲೇ ಬಂದಿದೆ. ಅದು ಕೆ.ಎಸ್. ಅಶ್ವತ್ಥ್ ಅವರ ನಟನೆಯ ಫಲ. ಅವರ ಮೇಷ್ಟ್ರು ಆಜ್ಞಾಪಿಸುವುದಿಲ್ಲ, ಬೇಡಿಕೊಳ್ಳುತ್ತಾರೆ. ಸಿಟ್ಟಿನಿಂದ ಹೇಳಿದ್ದರೆ ರಾಮಾಚಾರಿ ಒದ್ದು ನಡೆಯುತ್ತಿದ್ದ; ಅಕ್ಕರೆಯಿಂದ ಹೇಳಿದ್ದನ್ನು ಮೀರುವುದು ಹೇಗೆ? ಪ್ರೀತಿಯೂ ಒಂದು ಬಲಾತ್ಕಾರವಾಗಬಲ್ಲದೆಂಬುದನ್ನು ಪುಟ್ಟಣ್ಣ ಕಣಗಾಲರು ಈ ನಟನ ಮೆದುದನಿಯಲ್ಲಿ ತೋರಿಸಿದರು. ಕೆಟ್ಟವನನ್ನು ಕೆಟ್ಟವನಂತೆ ನಟಿಸುವುದು ಅಷ್ಟೇನೂ ಕಷ್ಟವಲ್ಲ. ಒಳ್ಳೆಯವನು ಮಾಡುವ ಅನ್ಯಾಯವನ್ನು ಒಳ್ಳೆಯತನ ಕೆಡದಂತೆ ನಟಿಸುವುದು ಬೇರೆಯೇ ವಿದ್ಯೆ.

1955ರ 'ಸ್ತ್ರೀರತ್ನ'ದಿಂದ ಚಿತ್ರರಂಗಕ್ಕೆ ಬಂದ ಅಶ್ವತ್ಥ್, ರಾಜ್‌ಕುಮಾರ್ ಅವರಿಗಿಂತ ನಾಲ್ಕೇ ವರ್ಷ ಹಿರಿಯರು. ಆದರೂ ತೆರೆಯ ಮೇಲೆ ಅವರಿಗೆ ಬಹುಬೇಗ ಮುಪ್ಪು ಬಂತು. ಪೌರಾಣಿಕಗಳಲ್ಲಿ ನಾರದ, ಸಾಮಾಜಿಕಗಳಲ್ಲಿ ತಂದೆ, ಅಣ್ಣ, ಮನೆಯ ಹಿರಿಯ. ಹೀಗೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳು. 'ಪೋಷಕ ನಟ' ಎಂಬ ನಮ್ಮ ಪದವೇ ಸೊಗಸಾಗಿದೆ. ಅದರಲ್ಲಿ ನಟಿಸುವವನಿಗಿಂತ ಸಾಕುವವನು ಮೊದಲು ಕಾಣಿಸುತ್ತಾನೆ. ಆದರೆ ಸಾಕಿದವರ ಹೆಸರಿನಲ್ಲಿ ಟಿಕೆಟ್ ಮಾರಾಟವಾಗುವುದಿಲ್ಲ; ಸಂಭಾವನೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ನಾನು ಮೂರು ದಶಕ ಕಾಲೇಜಿನಲ್ಲಿ ಪಾಠ ಹೇಳಿದವನು. ಒಮ್ಮೆ ತಂದೆಯೊಬ್ಬರು ಬಂದು, ತಮ್ಮ ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ, ನಿಮ್ಮ ಮಾತು ಕೇಳುತ್ತಾಳೆ, ಬುದ್ಧಿ ಹೇಳಿ ಎಂದರು. ಹೇಳಿದೆ. ಮೇಷ್ಟ್ರಂತೆಯೇ ಮೆಲ್ಲಗೆ, ಕಳಕಳಿಯಿಂದ ಹೇಳಿದೆ. ಅವಳು ತಲೆತಗ್ಗಿಸಿ ಕೇಳಿ, ಆಗಲಿ ಸಾರ್ ಎಂದಳು. ಆ ದಿನ ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಗಿತ್ತು.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡರು. ಮೂರು ವಾರ ತುಂಬುವ ಮೊದಲೇ, 2010ರ ಜನವರಿ 18ರಂದು, ಅದೇ ಊರಿನಲ್ಲಿ ಅಶ್ವತ್ಥ್ ಕೊನೆಯುಸಿರೆಳೆದರು. ಶಿಷ್ಯನ ಹಿಂದೆಯೇ ಗುರುವೂ ಹೊರಟರಲ್ಲ ಎಂದು ಮರುಗಿದವರಲ್ಲಿ ನಾನೂ ಒಬ್ಬ. ಎಂಟು ವರ್ಷಗಳ ಬಳಿಕ ಆ ಚಿತ್ರಮಂದಿರದ ಮೆಟ್ಟಿಲಿಳಿಯುವಾಗ ನೆನಪಾದದ್ದು ಮಾತ್ರ ಆ ಹುಡುಗಿ. ಅವಳ ಮದುವೆ ಎಲ್ಲಿ ಆಯಿತೆಂದೂ ನಾನು ವಿಚಾರಿಸಿರಲಿಲ್ಲ.