ಗಡಿಯಾರ ಮುಂದೆ ಹೋದರೆ ಜೋಯಿಡಾದ ಮಕ್ಕಳು ಕತ್ತಲಲ್ಲಿ ಹೊರಡಬೇಕು

ಜನವರಿ ಕೊನೆಯ ವಾರ ಗಣೇಶಗುಡಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7 ಗಂಟೆಗೆ. ಅದೂ ಲೆಕ್ಕದ ಪ್ರಕಾರ. ಕಾಳಿ ಕಣಿವೆಯಲ್ಲಿ ಮಂಜು ಕೂತ ದಿನ, ಗುಡ್ಡದ ಮರೆಯಲ್ಲಿರುವ ಮಜರೆಗಳ ಅಂಗಳಕ್ಕೆ ಬಿಸಿಲು ಇಳಿಯುವಷ್ಟರಲ್ಲಿ ಎಂಟು ದಾಟಿರುತ್ತದೆ. ಶನಿವಾರ ಬೆಳಗಿನ ಶಾಲೆ. ಎಂಟರ ಸುಮಾರಿಗೆ ಪ್ರಾರ್ಥನೆ. ಮೂರು ನಾಲ್ಕು ಕಿಲೋಮೀಟರ್ ಕಾಡುದಾರಿಯಲ್ಲಿ ನಡೆದು ಬರುವ ಮಗು ಏಳಕ್ಕೆ ಮನೆ ಬಿಡಬೇಕು. ಅಂದರೆ ಸೂರ್ಯ ಮತ್ತು ಮಗು ಒಟ್ಟಿಗೇ ಹೊರಡುತ್ತಾರೆ.

ಇಂಥ ಊರಿನ ಗಡಿಯಾರವನ್ನು ಇನ್ನೂ ಅರ್ಧ ಗಂಟೆ ಮುಂದೆ ತಳ್ಳಬೇಕು ಎಂಬ ವಾದ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಇದೆ. ಅದನ್ನು ಗಟ್ಟಿಯಾಗಿ ಮಂಡಿಸಿದವರು ದೂರದವರಲ್ಲ, ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ. ಇಡೀ ದೇಶದ ಗಡಿಯಾರವನ್ನು ವರ್ಷಪೂರ್ತಿ ಅರ್ಧ ಗಂಟೆ ಮುಂದಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತು ತಡವಾಗುತ್ತದೆ, ವರ್ಷಕ್ಕೆ 200 ಕೋಟಿ ಯೂನಿಟ್‌ಗಿಂತ ಹೆಚ್ಚು ಕರೆಂಟು ಉಳಿಯುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ತಮಾಷೆಯ ಲೆಕ್ಕ ಅಲ್ಲ ಅದು. ಆದರೆ ಉಳಿತಾಯ ಯಾರ ಸಂಜೆಯದು, ಖರ್ಚು ಯಾರ ಬೆಳಗಿನದು ಎಂಬುದನ್ನು ಪಶ್ಚಿಮ ಘಟ್ಟದ ಈ ಮೂಲೆಯಿಂದ ನೋಡಿದವರು ಕಡಿಮೆ.

ಮೊದಲು ನಮ್ಮ ಗಡಿಯಾರ ಯಾವ ಊರಿನದು ಎಂದು ತಿಳಿದುಕೊಳ್ಳೋಣ. ಭಾರತದ ಅಧಿಕೃತ ಸಮಯ 82.5 ಡಿಗ್ರಿ ರೇಖಾಂಶದ್ದು. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಗಣೇಶಗುಡಿ ಇರುವುದು ಸುಮಾರು 74.5 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಎಂಟು ಡಿಗ್ರಿಗೆ 32 ನಿಮಿಷ. ಹಾಗಾಗಿ ನಮ್ಮ ಕೈಗಡಿಯಾರದಲ್ಲಿ 12 ಹೊಡೆದಾಗ ನಮ್ಮ ನೆತ್ತಿಯ ಮೇಲೆ ಸೂರ್ಯ ಬಂದಿರುವುದಿಲ್ಲ. ಹೆಚ್ಚುಕಡಿಮೆ ಹನ್ನೆರಡೂವರೆಗೆ ಬರುತ್ತಾನೆ, ಫೆಬ್ರುವರಿಯಲ್ಲಿ ಮುಕ್ಕಾಲಿಗೆ. ಹಳಬರ ಲೆಕ್ಕದಲ್ಲಿ ಘಳಿಗೆ ಅಂದರೆ 24 ನಿಮಿಷ, ದಿನದ ಎಣಿಕೆ ಶುರುವಾಗುವುದು ಆಯಾ ಊರಿನ ಸೂರ್ಯೋದಯದಿಂದ. ಆ ಲೆಕ್ಕದಲ್ಲಿ ನಾವು ಈಗಾಗಲೇ ಒಂದು ಘಳಿಗೆಗಿಂತ ಹೆಚ್ಚು ಮುಂದೆ ತಳ್ಳಿದ ಗಡಿಯಾರದಲ್ಲೇ ಬದುಕುತ್ತಿದ್ದೇವೆ. (ಕ್ಯಾಲೆಂಡರಿನಲ್ಲಿ ಸೋಮವಾರ ರಾಹುಕಾಲ 7:30ರಿಂದ 9 ಎಂದಿರುವುದು ಸೂರ್ಯ ಆರಕ್ಕೆ ಹುಟ್ಟುತ್ತಾನೆ ಎಂದು ಇಟ್ಟುಕೊಂಡ ಲೆಕ್ಕ. ನಂಬುವವರು ನಮ್ಮ ಕಡೆ ಅದನ್ನೂ ಸರಿಸಿಕೊಳ್ಳಬೇಕು!)

ಇಡೀ ಒಂದು ಗಂಟೆ ಮುಂದೆ ತಳ್ಳಿದ್ದೂ ಉಂಟು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಬ್ರಿಟಿಷ್ ಸರಕಾರ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಮೂರು ಚಳಿಗಾಲಗಳಲ್ಲಿ ಇಲ್ಲಿ ಸೂರ್ಯ ಹುಟ್ಟಿದ್ದು ಗಡಿಯಾರದ ಎಂಟು ಗಂಟೆಗೆ. ಅಂದಿನ ಸೂಪಾ ಪೇಟೆಯಲ್ಲಿ ಎಷ್ಟು ಮನೆಗಳಲ್ಲಿ ಗಡಿಯಾರ ಇದ್ದಿರಬಹುದು? ಗದ್ದೆಗೆ ಹೋಗುವವರು ಕೋಳಿ ಕೂಗಿಗೆ ಎದ್ದರು, ಬೆಳಕು ಕಂಡಾಗ ಹೊರಟರು. ಇವತ್ತು ಹಾಗಲ್ಲ. ಬಸ್ಸು, ಶಾಲೆ, ಪಡಿತರ ಅಂಗಡಿಯ ಬೆರಳಚ್ಚು, ಉದ್ಯೋಗ ಖಾತ್ರಿಯ ಹಾಜರಿ ಫೋಟೊ, ಎಲ್ಲಕ್ಕೂ ಗಡಿಯಾರವೇ ಯಜಮಾನ.

ಪೂರ್ವದವರ ಕಷ್ಟ ಇದಕ್ಕೆ ಉಲ್ಟಾ. ಅರುಣಾಚಲದ ಡೋಂಗ್ ಎಂಬ ಹಳ್ಳಿಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ನಾಲ್ಕೂಕಾಲಿನ ಸುಮಾರಿಗೆ ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಮುಳುಗುತ್ತಾನೆ. ಕಚೇರಿ ಮುಗಿಯುವ ಮೊದಲೇ ಕತ್ತಲು. ಅದಕ್ಕೇ ಅಸ್ಸಾಮಿನ ಚಹಾ ತೋಟಗಳಲ್ಲಿ ಬ್ರಿಟಿಷರ ಕಾಲದಿಂದ ‘ಬಾಗಾನ್ ಸಮಯ’ ಎಂದು ಒಂದು ಗಂಟೆ ಮುಂದಿನ ಗಡಿಯಾರ ಇಟ್ಟುಕೊಂಡಿದ್ದಾರೆ. ಈಶಾನ್ಯಕ್ಕೆ ಬೇರೆ ಸಮಯ ಕೊಡಿ ಎಂಬ ಅರ್ಜಿಯನ್ನು ಗುವಾಹಟಿ ಹೈಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಮರುವರ್ಷ ದೇಶದ ಸಮಯ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೇ ಎರಡು ವಲಯ ಮಾಡಬಹುದು, ಈಶಾನ್ಯಕ್ಕೆ ಒಂದು ಗಂಟೆ ಮುಂದಿನ ಸಮಯ ಕೊಡಬಹುದು ಎಂದು ಬರೆದರು. ಕೇಂದ್ರ ಸರಕಾರ ಹೋಗುತ್ತಿರುವ ದಿಕ್ಕು ಬೇರೆ. 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಪ್ರಕಟಿಸಿದ ಕರಡು ನಿಯಮ ಎಲ್ಲ ವ್ಯವಹಾರಕ್ಕೂ ಒಂದೇ ಭಾರತೀಯ ಸಮಯ ಕಡ್ಡಾಯ ಎನ್ನುತ್ತದೆ.

ಈಶಾನ್ಯದವರಿಗೆ ಬೇರೆ ಗಡಿಯಾರ ಕೊಟ್ಟರೆ ನನ್ನ ತಕರಾರಿಲ್ಲ, ಕೊಡಬೇಕು ಅಂತಲೇ ನನ್ನ ಅಭಿಪ್ರಾಯ. ನನಗೆ ಹೆದರಿಕೆ ಇರುವುದು ನಡುವಿನ ರಾಜಿ ಸೂತ್ರದ್ದು. ಪೂರ್ವದವರಿಗೆ ಅರ್ಧ ಸಮಾಧಾನ, ಪಶ್ಚಿಮದವರಿಗೆ ಅರ್ಧ ಕಷ್ಟ, ದೇಶಕ್ಕೆ ಒಂದೇ ಗಡಿಯಾರ ಎಂಬ ಆ ಅರ್ಧ ಗಂಟೆ ಕಾಗದದ ಮೇಲೆ ಬಹಳ ಚಂದ ಕಾಣುತ್ತದೆ.

ಅಮೆರಿಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿ ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ, ನವೆಂಬರ್‌ನಲ್ಲಿ ಹಿಂದೆ ಎಂದು ಗಡಿಯಾರ ತಿರುಗಿಸುವ ಪದ್ಧತಿ ಇರುವುದು ನಿಮಗೆ ಗೊತ್ತಿರಬಹುದು. ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಫೋನ್ ಮಾಡುವ ಅವ್ವನಿಗಂತೂ ಗೊತ್ತೇ ಇರುತ್ತದೆ. ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಒಂಬತ್ತೂವರೆ. ತೈಲದ ಬಿಕ್ಕಟ್ಟು ಬಂದಾಗ, 1974ರ ಜನವರಿಯಲ್ಲಿ, ಇಂಧನ ಉಳಿಸಲು ಅವರು ಚಳಿಗಾಲದಲ್ಲೂ ಗಡಿಯಾರ ಮುಂದಿಟ್ಟರು. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೊರಟರು. ರಸ್ತೆಯಲ್ಲಿ ಮಕ್ಕಳು ಸತ್ತ ಸುದ್ದಿ ಬರತೊಡಗಿತು, ತಾಯಂದಿರು ಸಿಟ್ಟಾದರು. ಅದಕ್ಕೆಂದು ತಂದ ಕಾನೂನನ್ನು ಅದೇ ವರ್ಷ ಅಕ್ಟೋಬರ್‌ಗೆ ತಿದ್ದಿ, ಚಳಿಗಾಲಕ್ಕೆ ಹಳೆಯ ಸಮಯ ವಾಪಸು ತಂದರು. ರಷ್ಯಾ 2011ರಲ್ಲಿ ವರ್ಷಪೂರ್ತಿ ಬೇಸಿಗೆ ಸಮಯ ಎಂದು ಘೋಷಿಸಿ, ಬೆಳಗಿನ ಕತ್ತಲಿಗೆ ಜನ ಬೇಸತ್ತಾಗ 2014ರಲ್ಲಿ ಹಿಂದಕ್ಕೆ ತಿರುಗಿಸಿತು. ಎರಡೂ ಕಡೆ ಮೊದಲು ಕಂಡದ್ದು ಸಂಜೆಯ ಲಾಭ, ಆಮೇಲೆ ಕಂಡದ್ದು ಬೆಳಗಿನ ಕತ್ತಲು.

ಅಲ್ಲಿ ವಾಹನದ ಭಯ. ನಮ್ಮಲ್ಲಿ ಅದರ ಜೊತೆಗೆ ಕರಡಿಯ ಭಯ. ಜೋಯಿಡಾ ತಾಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅದರ ಸುತ್ತಲಿನ ಕಾಡು. ಕರಡಿ ಓಡಾಡುವುದೇ ಮುಂಜಾವು, ಮುಸ್ಸಂಜೆಯಲ್ಲಿ. ಕುಣಬಿ ಮಜರೆಯಿಂದಲೋ ಗೌಳಿವಾಡಾದಿಂದಲೋ ಬರುವ ಆರೇಳು ಮಕ್ಕಳ ಗುಂಪು ಬೆಳಕಿರುವಾಗ ಗದ್ದಲ ಮಾಡುತ್ತ ಬಂದರೆ ಪ್ರಾಣಿಯೇ ಸರಿದು ಹೋಗುತ್ತದೆ. ಕತ್ತಲಲ್ಲಿ ಎದುರುಬದುರಾದರೆ ಯಾರು ಮೊದಲು ಗಾಬರಿಯಾಗುತ್ತಾರೋ ಹೇಳಲಾಗದು. ಗಡಿಯಾರ ಅರ್ಧ ಗಂಟೆ ಮುಂದೆ ಹೋದರೆ ಶನಿವಾರ ಆ ಮಕ್ಕಳು ಮನೆ ಬಿಡುವುದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು. ಸಂಜೆ ಅರ್ಧ ಗಂಟೆ ಹೆಚ್ಚು ಬೆಳಕು ಸಿಗುತ್ತದಲ್ಲ ಎನ್ನಬಹುದು. ಆದರೆ ಶಾಲೆಯ ಮಕ್ಕಳು ಸಂಜೆ ಮನೆ ಸೇರುವಾಗ ಈಗಲೂ ಬೆಳಕಿರುತ್ತದೆ.

ಕರೆಂಟಿನ ಮಾತನ್ನು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಅದು ನಮ್ಮ ಮನೆಬಾಗಿಲಿನ ಮಾತು. ಸಂಜೆ ರಾಜ್ಯಕ್ಕೆ ಹೆಚ್ಚು ಕರೆಂಟು ಬೇಕಾದಾಗ ಓಡುವುದು ಕಾಳಿಯ ನೀರು, ಶರಾವತಿಯ ನೀರು. ಸೂಪಾ ಅಣೆಕಟ್ಟೆಯ ಬುಡದಲ್ಲಿ 100 ಮೆಗಾವ್ಯಾಟ್, ಕೆಳಗೆ ನಾಗಝರಿಯಲ್ಲಿ ಅದರ ಎಂಟು ಪಟ್ಟಿಗಿಂತ ಹೆಚ್ಚು. ಈಗ ಹಗಲು ಪಾವಗಡದಂಥ ಸೌರ ಘಟಕಗಳ ಕರೆಂಟು ಧಾರಾಳ ಬಂದು, ಸೂರ್ಯ ಮುಳುಗಿದ ಕೂಡಲೇ ನಿಂತುಬಿಡುವುದರಿಂದ ಸಂಜೆಯ ಒತ್ತಡ ಇನ್ನೂ ಹೆಚ್ಚಿದೆ. ಅಷ್ಟರ ಮಟ್ಟಿಗೆ ಬೆಂಗಳೂರಿನ ವಿಜ್ಞಾನಿಗಳ ಮಾತಿಗೆ ಇಂದಿಗೂ ತೂಕವಿದೆ. ಆದರೆ ಅವರು ಲೆಕ್ಕ ಹಾಕಿದ್ದು ಮನೆಮನೆಗೆ ಎಲ್‌ಇಡಿ ಬಲ್ಬು ಬರುವ ಮೊದಲು. 60 ವ್ಯಾಟಿನ ಬಲ್ಬಿದ್ದ ಜಾಗದಲ್ಲಿ ಈಗ 9 ವ್ಯಾಟಿನದು ಉರಿಯುತ್ತಿದೆ. ಅದಲ್ಲದೆ ಸಂಜೆಯ ಕರೆಂಟು ಉಳಿಸಬೇಕಾದರೆ ಹೆಚ್ಚು ಉರಿಸುವ ನಗರದ ಅಂಗಡಿ, ಮಾಲು, ಕಂಪನಿಗಳ ವೇಳೆಯನ್ನೇ ಬೇಗ ಮಾಡಬಹುದಲ್ಲ? ಸೂಪಾ ಕಟ್ಟುವಾಗ ಊರು ಮುಳುಗಿಸಿಕೊಂಡು ರಾಮನಗರಕ್ಕೆ ಹೋದವರ ತಾಲೂಕು ಇದು. ಕರೆಂಟಿಗಾಗಿ ಬೆಳಗಿನ ಬೆಳಕನ್ನೂ ಕೊಡಿ ಎಂದು ಕೇಳುವ ಮೊದಲು ಸ್ವಲ್ಪ ಯೋಚಿಸಲಿ.

ಗಡಿಯಾರ ಮುಟ್ಟದೆ ವೇಳೆ ಬದಲಿಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಹಾಗೆಯೇ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಯಲ್ಲಿ, ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಬಿಸಿಲು ಅಂಥದ್ದು, ಸರಕಾರ ಆದೇಶ ಹೊರಡಿಸುತ್ತದೆ. ನಮ್ಮ ಜಿಲ್ಲೆಯೂ ಬೆಳಗಾವಿ ವಿಭಾಗದ್ದೇ, ಆದರೆ ನಮಗೆ ಆ ಆದೇಶ ಇಲ್ಲ, ಬೇಕಾಗಿಯೂ ಇಲ್ಲ. ಒಂದೇ ವಿಭಾಗದೊಳಗೆ ಹವಾಮಾನ ನೋಡಿ ಬೇರೆ ಬೇರೆ ವೇಳೆ ಇಡಲು ಬರುತ್ತದೆ ಎಂದಾಯಿತು. ಕಲಬುರಗಿಯ ಬಿಸಿಲಿಗೆ ಸಿಕ್ಕ ಮರ್ಯಾದೆ ಜೋಯಿಡಾದ ಕತ್ತಲಿಗೂ ಸಿಗಲಿ.

ನಾನು ಕೇಳುವುದು ಇಷ್ಟೇ: ಡಿಸೆಂಬರ್ ಎರಡನೇ ವಾರದಿಂದ ಫೆಬ್ರುವರಿ ಮಧ್ಯದವರೆಗೆ, ಜೋಯಿಡಾ ಮತ್ತು ಹಳಿಯಾಳ, ದಾಂಡೇಲಿಯ ಕಾಡಂಚಿನ ಶಾಲೆಗಳಲ್ಲಿ ಶನಿವಾರದ ಗಂಟೆ ಒಂಬತ್ತಕ್ಕೆ ಹೊಡೆಯಲಿ. ಸುಮಾರು ಹತ್ತು ಶನಿವಾರ. ತಡವಾಗಿ ಬಂದ ಮಕ್ಕಳನ್ನು ಬೈಯದೆ ಒಳಗೆ ಕರೆದುಕೊಳ್ಳುವ ಮೇಷ್ಟ್ರುಗಳಿದ್ದಾರೆ. ಆದರೆ ಅದು ಅವರ ಒಳ್ಳೆಯತನ, ನಿಯಮ ಅಲ್ಲ. ನಿಯಮ ಆಗಬೇಕಾದರೆ ಶಾಲಾಭಿವೃದ್ಧಿ ಸಮಿತಿ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಶಿರಸಿಯ ಉಪನಿರ್ದೇಶಕರ ಕಚೇರಿಗೆ ಹೋಗಬೇಕು. ನವೆಂಬರಿನ ಸಭೆಯಲ್ಲಿ ಎತ್ತಿದರೆ ಈ ಚಳಿಗೇ ಆದೀತು. ಅಡಚಣೆ ಒಂದಿದೆ: ಶಾಲೆ ಒಂದು ಗಂಟೆ ತಡವಾಗಿ ಬಿಟ್ಟರೆ ದಾಂಡೇಲಿಯಿಂದ ಬಂದುಹೋಗುವ ಶಿಕ್ಷಕರಿಗೆ ಮಧ್ಯಾಹ್ನದ ಬಸ್ಸು ತಪ್ಪಬಹುದು. ಠರಾವಿನ ಒಂದು ಪ್ರತಿ ಡಿಪೋ ಮ್ಯಾನೇಜರ್‌ಗೂ ಹೋಗಲಿ.